ಎಂಬತ್ತೆಂಟನೇ ನಿಮಿಷದ ಗೋಲು

ಮಾರ್ಚ್ 9, ಭಾನುವಾರ

ಪ್ರೀತಿಯ ಅಣ್ಣನಿಗೆ,

ಈ ಲಕೋಟೆ ಕೈಗೆ ಬಂದಾಗ ನೀನು ಮೊದಲು ಸಿಡುಕುತ್ತೀಯ ಅಂತ ಗೊತ್ತು. ಫೋನ್ ಇರುವಾಗ ಕಾಗದ ಯಾಕೆ, ಇವಳಿಗೇನು ಬಂತು ಅಂತ. ಫೋನಿನಲ್ಲಿ ನೀನು ಒಂದು ಸಲ “ಹೂಂ, ಹೇಳು” ಅಂದರೆ ಸಾಕು, ನಾನು ಅತ್ತಿಗೆಯ ಮಂಡಿ ನೋವು, ಬಿಸಿಲು, ನೀರು ಅಂತ ಊರೆಲ್ಲ ಸುತ್ತಿ ಫೋನ್ ಇಟ್ಟುಬಿಡುತ್ತೇನೆ. ಹತ್ತು ತಿಂಗಳಿಂದ ಅದನ್ನೇ ಮಾಡಿದ್ದೇನೆ. ಅದಕ್ಕೇ ಕಾಗದ.

ಮೊದಲೇ ಹೇಳಿಬಿಡುತ್ತೇನೆ, ತಡ ಮಾಡಿದರೆ ಧೈರ್ಯ ಸಾಲದು. ಹೋದ ಮೇ ತಿಂಗಳ ಕೊನೆಯ ಪಂದ್ಯದಲ್ಲಿ, ಎಂಬತ್ತೆಂಟನೇ ನಿಮಿಷದಲ್ಲಿ ನಮ್ಮ ತಂಡದ ಗಿಡ್ಡ ಹೊಡೆದ ಗೋಲನ್ನು ಆಫ್‌ಸೈಡ್ ಅಂತ ರದ್ದು ಮಾಡಿದರಲ್ಲ, ಆ ವಿಡಿಯೊ ಕೋಣೆಯಲ್ಲಿ ನಾನಿದ್ದೆ. ನನಗೆ ಬೇರೆ ಪಂದ್ಯದ ಡ್ಯೂಟಿ ಇತ್ತು ಅಂತ ನಿನಗೆ ಹೇಳಿದ್ದು ಸುಳ್ಳು. ಗೆರೆ ಎಳೆದದ್ದು ನನ್ನ ಕೈ.

ನಿಮಗೆಲ್ಲ ಕಾಣುವುದು ರೆಫರಿ ಕಿವಿಗೆ ಬೆರಳಿಟ್ಟು ನಿಲ್ಲುವುದು ಮಾತ್ರ. ಅವರ ಕಿವಿಯೊಳಗೆ ಮಾತಾಡುವವರು ಕೂರುವುದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳಬೇಕು, ಅಷ್ಟು ತಣ್ಣಗಿರುತ್ತದೆ. ತೀರ್ಪು ವಿಡಿಯೊ ರೆಫರಿಯದು. ನನ್ನ ಕೆಲಸ ಅವರು ಕೇಳಿದ ಚಿತ್ರವನ್ನು ತೆಗೆದುಕೊಡುವುದು. ಆಫ್‌ಸೈಡ್ ಪ್ರಶ್ನೆ ಬಂದರೆ, ಪಾಸ್ ಕೊಟ್ಟವನ ಕಾಲು ಚೆಂಡಿಗೆ ತಾಗಿದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ, ಎದುರಾಳಿಯ ಕೊನೆಯ ರಕ್ಷಕನ ಮಟ್ಟಕ್ಕೆ ಗೆರೆ ಎಳೆಯಬೇಕು; ಗೋಲು ಹೊಡೆದವನು ಆಗಲೇ ಅದನ್ನು ದಾಟಿದ್ದರೆ ಆಫ್‌ಸೈಡ್. ಸೆಕೆಂಡಿಗೆ ಐವತ್ತು ಚಿತ್ರ. ಆ ದಿನ ಒಂದು ಚಿತ್ರದಲ್ಲಿ ಕಾಲು ತಾಗಿದೆಯೋ ಇಲ್ಲವೋ ಅನ್ನುವ ಹಾಗೆ ಮಸುಕು. ಅಲ್ಲಿ ನಿಲ್ಲಿಸಿದರೆ ಗಿಡ್ಡ ಸರಿಯಾದ ಜಾಗದಲ್ಲಿದ್ದಾನೆ, ಗೋಲು. ಅದರ ಮುಂದಿನ ಚಿತ್ರದಲ್ಲಿ ತಾಗಿರುವುದು ಸ್ಪಷ್ಟ, ಆದರೆ ಅಷ್ಟರಲ್ಲಿ ಅವನ ಮೊಣಕಾಲು ಅರ್ಧ ಗೇಣು ಮುಂದೆ ಹೋಗಿದೆ. ವಿಡಿಯೊ ರೆಫರಿ ಪರದೆಯಿಂದ ಕಣ್ಣು ತೆಗೆಯದೆ, “ಯಾವುದಮ್ಮಾ?” ಅಂದರು. “ಮುಂದಿನದು ಸರ್” ಅಂದೆ.

ಇಷ್ಟೇ ಆಗಿದ್ದರೆ ನಿನ್ನೆದುರು ತಲೆಯೆತ್ತಿ ನಿಂತು, ನನ್ನ ಕೆಲಸ ನಾನು ಮಾಡಿದೆ ಅನ್ನಬಹುದಿತ್ತು. ಆದರೆ ಗಿಡ್ಡ ಹೊಡೆದ ತಕ್ಷಣ ಮೇಜಿನ ಕೆಳಗೆ ನನ್ನ ಎರಡೂ ಕಾಲು ಕುಣಿದಿದ್ದವು ಅಣ್ಣಾ. ಮನಸ್ಸು ಹೋಗಿ ಆ ಮಸುಕು ಚಿತ್ರಕ್ಕೆ ಅಂಟಿಕೊಂಡಿತು. ಅಂಟಿಕೊಂಡದ್ದೇ ನನಗೆ ಹೆದರಿಕೆಯಾಯಿತು. ಆಸೆ ಪಟ್ಟು ನೋಡುತ್ತಿದ್ದೇನೆ, ತಪ್ಪಾಗುತ್ತದೆ ಅನ್ನಿಸಿತು. ಬೇರೆ ಯಾವ ತಂಡವಾಗಿದ್ದರೂ ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದೆ. “ಅನುಮಾನ ಇದೆ ಸರ್” ಅನ್ನುತ್ತಿದ್ದೆನೋ ಏನೋ. ಹಾಗಂದಿದ್ದರೆ ಮೈದಾನದಲ್ಲಿ ಕೊಟ್ಟ ಗೋಲು ಉಳಿಯುತ್ತಿತ್ತು. ನಮ್ಮ ತಂಡ ಅಂತಲೇ ಎರಡೇ ಸಲ ನೋಡಿ ಬಿಗಿಯಾದದ್ದನ್ನು ಆರಿಸಿದೆ. ಊರವರಿಗೆಲ್ಲ ಕೊಡುವ ನ್ಯಾಯವನ್ನು ನಮ್ಮವರಿಗೆ ಕೊಡಲಿಲ್ಲ. ಪಂದ್ಯ ಒಂದು-ಒಂದಕ್ಕೆ ನಿಂತಿತು, ನಾವು ಕೆಳಗಿನ ದರ್ಜೆಗೆ ಇಳಿದೆವು, ಮೂರೇ ದಿನಕ್ಕೆ ಕೋಚ್ ಮೇಷ್ಟ್ರನ್ನು ಮನೆಗೆ ಕಳಿಸಿದರು.

ನಿಜವಾಗಿ ನಾನು ಆ ಕುರ್ಚಿಯಲ್ಲಿ ಕೂರಲೇಬಾರದಿತ್ತು. ಕೆಲಸಕ್ಕೆ ಸೇರುವಾಗ ಒಂದು ಅರ್ಜಿ ತುಂಬಿಸುತ್ತಾರೆ. ನೀವು ಯಾವ ತಂಡದ ಅಭಿಮಾನಿ ಅನ್ನುವ ಸಾಲಿನಲ್ಲಿ ‘ಯಾವುದೂ ಇಲ್ಲ’ ಅಂತ ಬರೆದಿದ್ದೆ. ನಿಜ ಬರೆದಿದ್ದರೆ ನಮ್ಮ ಪಂದ್ಯಗಳಿಗೆ ಹಾಕುತ್ತಿರಲಿಲ್ಲ.

ಪಂದ್ಯದ ದಿನ ಸಂಜೆ ನೀನು ಫೋನ್ ಮಾಡಿದೆ. “ಪುಟ್ಟಾ, ಯಾರೇ ಅವನು ಗೆರೆ ಎಳೆದೋನು? ಹೆಸರು ಹೇಳು, ಸಾಕು” ಅಂದೆ. ಗೊತ್ತಿಲ್ಲ, ನಾನಿರಲಿಲ್ಲ ಅಂತ ನಾನಂದೆ. ನೀನು, “ಸದ್ಯ. ನೀನಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಬಿಡು” ಅಂದೆ. ಆ ಮಾತಿಗಿಂತ ನೀನು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಅದರ ಮುಂದಿನ ಭಾನುವಾರ ಮನೆಗೆ ಬಂದೆನಲ್ಲ, ಅದೇ ಕೊನೆ. ಗ್ಯಾಲರಿಯಲ್ಲಿ ನಿನ್ನ ಪಕ್ಕದ ಸೀಟಿನ ಇಬ್ಬರೂ ಬಂದಿದ್ದರು, ಗಡಿಯಾರ ರಿಪೇರಿಯವರು ಮತ್ತು ವಕೀಲ. ಕೊಳಾಯಿ ಕೆಲಸದವನಿಗೆ ವಕೀಲ ಅಂತ ಯಾಕೆ ಹೆಸರು ಬಂತು ಅಂತ ಗೊತ್ತಿಲ್ಲದವರು ಆ ದಿನ ನಿಮ್ಮ ಮನೆಯಲ್ಲಿರಬೇಕಿತ್ತು. “ರೆಫರಿ ಗೋಲು ಅಂದ್ಮೇಲೆ ಗೋಲು. ಈ ಟಿವಿ ಮುಂದೆ ಕೂತೋರು ಯಾರು ಕೇಳಕ್ಕೆ? ಮನುಷ್ಯ ತಪ್ಪು ಮಾಡ್ದ ಅಂದ್ರೆ ಮರೆತುಬಿಡಬಹುದು, ಯಂತ್ರ ಇಟ್ಕೊಂಡು ತಪ್ಪು ಮಾಡಿದ್ರೆ ಹೆಂಗ್ರೀ ಮರೆಯೋದು?” ಅಂತ ಅವನು. ಗಡಿಯಾರದವರು ಮೆಲ್ಲಗೆ, “ಯಂತ್ರದ್ದೇನು ತಪ್ಪಿಲ್ಲಪ್ಪ. ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ಮಧ್ಯ ಒಂದಿಷ್ಟು ಹೊತ್ತು ಇರುತ್ತಲ್ಲ, ಅಲ್ಲೇನಾಯ್ತು ಅಂತ ಯಾರಿಗೂ ಗೊತ್ತಿರಲ್ಲ. ಗೊತ್ತಿಲ್ಲ ಅಂತ ಒಪ್ಕೋಬೇಕು, ಅಷ್ಟೆ” ಅಂದರು. ನಮ್ಮ ಇಡೀ ಇಲಾಖೆ ವರ್ಷಕ್ಕೆರಡು ತರಬೇತಿ ನಡೆಸಿ ಹೇಳದೆ ಬಿಟ್ಟದ್ದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದ್ದರು.

ಮಾತು ಆಮೇಲೆ ಮೇಷ್ಟ್ರ ಮೇಲೆ ತಿರುಗಿತು. ಎಪ್ಪತ್ತನೇ ನಿಮಿಷದಲ್ಲಿ ಕ್ಯಾಪ್ಟನ್‌ನನ್ನು ಯಾಕೆ ಹೊರಗೆ ಕರೆದರು, ಅಲ್ಲೇ ಪಂದ್ಯ ಹೋಯಿತು ಅಂತ ವಕೀಲ. ನೀನು ಎದ್ದು ನಿಂತು ಮೇಜು ಗುದ್ದಿದೆ. “ಮೇಷ್ಟ್ರ ಸುದ್ದಿಗೆ ಬರ್ಬೇಡ. ಗೋಲು ಆಗಿತ್ತು, ನಾನು ಕಣ್ಣಾರೆ ನೋಡಿದೀನಿ, ಗಿಡ್ಡ ಹಿಂದೇನೇ ಇದ್ದ.” ಆಮೇಲೆ ನನ್ನ ಕಡೆ ಕೈ ತೋರಿಸಿ, “ನಮ್ಮ ಪುಟ್ಟ ಅವತ್ತು ಇರ್ಲಿಲ್ಲ, ಇದ್ದಿದ್ರೆ ಹೇಳ್ತಿದ್ಳು” ಅಂದೆ. ಮೂವರೂ ನನ್ನನ್ನೇ ನೋಡಿದಿರಿ. ಅಡುಗೆಮನೆಯಲ್ಲಿ ಅತ್ತಿಗೆಗೆ ಏನೋ ಸಹಾಯ ಬೇಕಿದೆ ಅಂತ ಒಳಗೆ ಹೋದವಳು ಹಿತ್ತಲ ಬಾಗಿಲಿನಿಂದ ಹಾಗೇ ಹೊರಟುಬಿಟ್ಟೆ.

ಅವತ್ತಿನಿಂದ ಡ್ಯೂಟಿ, ತಲೆನೋವು, ಮನೆ ಬದಲಾಯಿಸುವುದು ಅಂತ ಒಂದೊಂದು ಸಲ ಒಂದೊಂದು ನೆಪ. ನೀನು ಮನೆಗೆ ಬಾ ಅಂತ ಕರೆಯುವುದನ್ನು ನಿಲ್ಲಿಸಿದ್ದು ನವೆಂಬರ್‌ನಲ್ಲಿ. ಅದೂ ನನಗೆ ತಾರೀಖು ಸಮೇತ ನೆನಪಿದೆ.

ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ನಮ್ಮ ಕೋಣೆಗೆ ಮೈದಾನದ ಸದ್ದು ಬರುವುದಿಲ್ಲ. ನಲವತ್ತು ಸಾವಿರ ಬಾಯಿ ತೆರೆದುಕೊಂಡಿರುತ್ತವೆ, ಕೇಳುವುದು ಏಸಿಯ ಗುಂಯ್ ಮಾತ್ರ. ಪಂದ್ಯ ಶುರುವಾಗುವ ಮುಂಚೆ ಕ್ಯಾಮೆರಾಗಳನ್ನು ಸರಿ ನೋಡುವ ಹತ್ತು ನಿಮಿಷ ಇರುತ್ತದೆ. ಹದಿನಾಲ್ಕನೇ ಕ್ಯಾಮೆರಾ ಪೂರ್ವದ ಗ್ಯಾಲರಿಯನ್ನು ನೋಡುತ್ತದೆ. ಅದರಲ್ಲಿ ನಿನ್ನ ಸಾಲು ಹುಡುಕಿ, ಚಿತ್ರ ದೊಡ್ಡದು ಮಾಡಿ, ನಿನ್ನನ್ನು ನೋಡುತ್ತಿದ್ದೆ. ಆ ಕಂದು ಟೋಪಿ, ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುವುದು. ನೀನು ವಕೀಲನ ಕಡೆ ತಿರುಗಿ ಏನೋ ಅನ್ನುವುದು, ಅವನು ತಲೆ ಅಲ್ಲಾಡಿಸುವುದು. ಏನಂದಿರಬಹುದು ಅಂತ ನಾನೇ ಮಾತು ಕಟ್ಟಿಕೊಳ್ಳುತ್ತಿದ್ದೆ. ಈಗ ಅದೂ ಇಲ್ಲ. ಕೆಳಗಿನ ದರ್ಜೆಯಲ್ಲಿ ವಿಡಿಯೊ ಪರಿಶೀಲನೆಯೇ ಇಲ್ಲವಲ್ಲ. ನಿನ್ನನ್ನು ಪರದೆಯ ಮೇಲೆ ನೋಡುವ ದಾರಿಯನ್ನೂ ನಾನೇ ಮುಚ್ಚಿಕೊಂಡ ಹಾಗಾಯಿತು.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ಬುಧವಾರ ಮೇಷ್ಟ್ರು ನಮ್ಮ ಕಚೇರಿಗೆ ಬಂದಿದ್ದರು. ಹಾಲಿ, ಮಾಜಿ ಕೋಚ್‌ಗಳಿಗೆಲ್ಲ ಈ ಕೋಣೆ ತೋರಿಸುವ ಕಾರ್ಯಕ್ರಮ. ಉಳಿದವರು ಊಟಕ್ಕೆ ಹೋದ ಮೇಲೆ ಅವರೊಬ್ಬರೇ ನಿಂತು, “ಅವತ್ತಿನದು ಇದೆಯೇನಮ್ಮಾ?” ಅಂದರು. ಎರಡೂ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. “ಎರಡೂ ಸರಿ ಅನ್ಸುತ್ತೆ. ಕ್ಯಾಪ್ಟನ್‌ನ ನಾನು ತೆಗೀಬಾರ್ದಿತ್ತು” ಅಂದರು. ವಕೀಲನಿಗೆ ಇದನ್ನು ಹೇಳಬೇಡ, ಅವನನ್ನು ಹಿಡಿಯಲಿಕ್ಕಾಗುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಗೆರೆ ಎಳೆದದ್ದು ನಾನು, ನಮ್ಮಣ್ಣ ನಿಮ್ಮ ತಂಡದ ಅಭಿಮಾನಿ, ಪೂರ್ವದ ಗ್ಯಾಲರಿ ಅಂದೆ. ಅವರು ಒಂದೇ ಮಾತು ಕೇಳಿದರು: “ಮನೇಲಿ ಗೊತ್ತಾ?”

ಆ ಎರಡೂ ಚಿತ್ರ ಮುಚ್ಚಿ, ಮನೆಗೆ ಹೋಗುವ ದಾರಿಯಲ್ಲಿ ಈ ಲಕೋಟೆ ಕೊಂಡೆ.

ನಾಳೆ ಕಚೇರಿಗೂ ನಿಜವನ್ನು ಬರೆದುಕೊಡುತ್ತೇನೆ. ಕೆಲಸ ಉಳಿಯುತ್ತದೋ ಇಲ್ಲವೋ. ಅವರಿಗಿಂತ ಮೊದಲು ನಿನಗೆ ಬರೆಯಬೇಕು ಅನ್ನಿಸಿತು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ನೀನು. ಕೂಗಾಡು, ಬೈ, ಆದರೆ ಸುಮ್ಮನಿರಬೇಡ.

ಬರಬೇಕೆನ್ನುವ ಆಸೆ ಹೊತ್ತು,
ನಿನ್ನ ತಂಗಿ

•

ಮಾರ್ಚ್ 15, ಶನಿವಾರ

ಪುಟ್ಟಾ,

ಇದು ನಿನ್ನ ಅತ್ತಿಗೆಯ ಅಕ್ಷರ, ಮಾತು ನನ್ನದು. ನನ್ನ ಕೈಬರಹ ನನಗೇ ಅರ್ಥವಾಗುವುದಿಲ್ಲ, ನಿನಗೆಲ್ಲಿ ಆದೀತು.

ಕಾಗದ ಬಂದ ಮೇಲೆ ಎರಡು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ ಅಂತ ಇವಳು ಬರೆಯಲೇಬೇಕಂತೆ, ಬರೆದುಕೊಳ್ಳಲಿ. ಗೋಲಿನ ವಿಷಯ ಬಿಡು. ಬಿಟ್ಟೆ ಅಂದರೆ ಬಿಟ್ಟೆ. ಅದೇ ಪಂದ್ಯದಲ್ಲಿ ಗಿಡ್ಡ ಖಾಲಿ ಗೋಲಿನ ಮುಂದೆ ಎರಡು ಸಲ ಆಕಾಶಕ್ಕೆ ಹೊಡೆದ. ಅವನೇನು ನಮಗೆ ಕಾಗದ ಬರೆದನೇ?

ನನಗೆ ನಾಟಿದ್ದು ಬೇರೆ. ನೀನು ಅದನ್ನು ಮಧ್ಯದಲ್ಲಿ ಎರಡು ಸಾಲು ಬರೆದು ಮುಂದೆ ಹೋಗಿದ್ದೀಯ. ಯಾವ ತಂಡ ಅಂತ ಕೇಳಿದರೆ ‘ಯಾವುದೂ ಇಲ್ಲ’. ಕೆಲಸ ಬೇಕಿತ್ತು, ಬರೆದೆ, ಅದು ತಲೆಗೆ ಹೋಗುತ್ತದೆ. ಹೊಟ್ಟೆಗೆ ಹೋಗುವುದಿಲ್ಲ. ಆರು ವರ್ಷದವಳಿದ್ದಾಗ ನಮ್ಮ ತಂಡ ಸೋತ ದಿನ ಊಟ ಬಿಟ್ಟವಳು ನೀನು. ನಿನ್ನ ಸಲುವಾಗಿ ನಾನೂ ಬಿಟ್ಟಿದ್ದೆ. ಆ ಎರಡು ಪದ ಬರೆಯುವಾಗ ಪೆನ್ನು ಒಂದು ಗಳಿಗೆಯಾದರೂ ನಿಂತಿತೋ ಇಲ್ಲವೋ, ಅದಕ್ಕೆ ಉತ್ತರ ಬೇಕು ನನಗೆ. ಕಾಗದದಲ್ಲಿ ಬೇಡ.

ಇನ್ನೊಂದು. ನೀನು ಬರುವುದು ನಿಲ್ಲಿಸಿದಾಗ, ನಿನಗೆ ಬೇಸರವಾಗುವಂಥದ್ದು ನಾನೇನು ಅಂದೆ, ನಿನ್ನತ್ತಿಗೆ ಏನು ಅಂದಳು ಅಂತ ನಾವಿಬ್ಬರೂ ತಲೆ ಕೆಡಿಸಿಕೊಂಡೆವು. ದೊಡ್ಡ ಕೆಲಸ, ಬಸ್ ಡ್ರೈವರ್ ಅಣ್ಣ ಅಂತ ಹೇಳಿಕೊಳ್ಳಲು ನಾಚಿಕೆಯೇನೋ ಅಂತ ಕೂಡ ಬಂತು ನನ್ನ ಬಾಯಲ್ಲಿ. ಆ ಮಾತಿಗೆ ಈಗ ನಾನೇ ತಲೆ ತಗ್ಗಿಸಿದ್ದೇನೆ.

ಪಕ್ಕದ ಸೀಟಿನ ಇಬ್ಬರಿಗೂ ಹೇಳಿದೆ. ವಕೀಲ, “ಹಂಗಾದ್ರೆ ಇನ್ಮೇಲೆ ಯಾರನ್ನ ಬೈಯೋದು?” ಅಂದ. ಮೇಷ್ಟ್ರು ಹೇಳಿದ್ದನ್ನು ನಾನು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಗಡಿಯಾರದವರು ಆ ಐವತ್ತು ಚಿತ್ರದ ಲೆಕ್ಕದಲ್ಲಿ ಏನೋ ಅನುಮಾನ ಇದೆ, ಎದುರಿಗೆ ಕೂತು ಕೇಳಬೇಕು ಅಂತ ಕಾದಿದ್ದಾರೆ. ಕೆಲಸ ಹೋದರೆ ಹೋಗಲಿ, ಮನೆ ಇದೆ.

ಇಪ್ಪತ್ತೆರಡಕ್ಕೆ ನಮ್ಮ ಮೈದಾನದಲ್ಲೇ ಪಂದ್ಯ. ನಾನು ಕರೆಯುವುದಿಲ್ಲ. ನಿನ್ನ ಮನೆಗೆ ಬರಲು ನಿನಗೆ ಕರೆ ಬೇರೆ ಬೇಕೇ?

ನಿನ್ನ ಅಣ್ಣ

ತಾ.ಕ.: ಇನ್ನು ಮುಂದೆ ನಾನು, ನಿನ್ನ ಅತ್ತಿಗೆ. ಹೇಳುವುದು ಮುಗಿಯಿತು, ಅಂಟಿಸು ಅಂತ ನಿಮ್ಮಣ್ಣ ಎದ್ದು ಹೋದರು. ಇಲ್ಲಿ ನಾನು ಏನು ಸೇರಿಸಿದರೂ ಅವರು ಓದಲಾರರು, ನಿನ್ನ ಕಾಗದ ಓದಿ ಹೇಳಿದವಳೂ ನಾನೇ. ಕಣ್ಣಿನ ಒತ್ತಡದ ಕಾಯಿಲೆ ಪುಟ್ಟಾ, ಕೊಳವೆಯಲ್ಲಿ ನೋಡಿದ ಹಾಗೆ ಚೂರೇ ಚೂರು ಕಾಣುತ್ತದೆ, ಅದೂ ಮಸುಕು. ಹೋದ ವರ್ಷ ಜನವರಿಯಿಂದ ಬಸ್ ಓಡಿಸುತ್ತಿಲ್ಲ, ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ ಹಿಂದಿರುಗಿಸುವ ಕೌಂಟರಿನಲ್ಲಿ ಕೂರಿಸಿದ್ದಾರೆ. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದರು. ಆ ಗೋಲನ್ನು ಅವರು ನೋಡಲೇ ಇಲ್ಲ. ಸುತ್ತ ಎಲ್ಲರೂ ಎದ್ದರು, ಇವರೂ ಎದ್ದರು. ಅಷ್ಟು ಜೋರಾಗಿ ವಾದ ಮಾಡಿದ್ದು, ನೋಡಿಲ್ಲ ಅನ್ನುವುದು ಯಾರಿಗೂ ತಿಳಿಯಬಾರದು ಅಂತ. ಮುಂಚೆ ಕಿವಿಗೆ ರೇಡಿಯೊ ಹಾಕಿಕೊಳ್ಳುತ್ತಿದ್ದರು. ಈ ದರ್ಜೆಯ ಪಂದ್ಯಕ್ಕೆ ರೇಡಿಯೊದವರೂ ಬರುವುದಿಲ್ಲ. ಆದರೂ ಒಂದೂ ತಪ್ಪಿಸದೆ ಹೋಗಿ, ತೊಂಬತ್ತು ನಿಮಿಷ ಕೂತು, ಪಕ್ಕದವರನ್ನೂ ಕೇಳದೆ, ಸ್ಕೋರ್ ಎಷ್ಟು ಅಂತ ದಾರಿಯಲ್ಲಿ ನಡೆಯುವವರ ಮಾತಿನಿಂದ ತಿಳಿದುಕೊಂಡು ಬರುತ್ತಾರೆ. ಇಪ್ಪತ್ತೆರಡಕ್ಕೆ ಬಾ. ಅವರ ಪಕ್ಕ ಕೂತು, ಚೆಂಡು ಯಾರ ಕಾಲಲ್ಲಿದೆ ಅಂತ ಮೆಲ್ಲಗೆ ಹೇಳುತ್ತಾ ಹೋಗು. ತಪ್ಪು ಹೇಳಿದರೂ ಪರವಾಗಿಲ್ಲ.