ಹೊಸ ಅಳಿಯನ ಬಸ್ಕಿ

ತರೀಕೆರೆ
ಪ್ರಭವ ಸಂವತ್ಸರ, ಚೈತ್ರ ಶುದ್ಧ ದಶಮಿ

ಚಿ|| ಸೌ|| ಪಂಕಜಾಕ್ಷಿಗೆ ನಿನ್ನ ಅಜ್ಜಿ ತೀರ್ಥಮ್ಮನ ಆಶೀರ್ವಾದ. ಕೂತುಕೊಂಡು ಓದು.

ಯುಗಾದಿಗೆಂದು ಅಜ್ಜಂಪುರಕ್ಕೆ, ನೀನು ಬೆಳೆದ ಮನೆಗೆ ಬಂದ ನಿನ್ನ ಗಂಡ ಇನ್ನೂ ಸಖರಾಯಪಟ್ಟಣಕ್ಕೆ ಯಾಕೆ ಮರಳಲಿಲ್ಲ ಎಂದು ಬಾಗಿಲಲ್ಲೇ ನಿಂತಿರುತ್ತೀಯ. ರೇವಣಪ್ಪನವರು ಚೆನ್ನಾಗಿದ್ದಾರೆ. ತರೀಕೆರೆ ಆಸ್ಪತ್ರೆಯ ಮಂಚದ ಮೇಲೆ ಚೆನ್ನಾಗಿದ್ದಾರೆ. ಅಳಬೇಡ, ಪೂರ್ತಿ ಓದು. ನಿನ್ನ ಅತ್ತೆ ಕೇಳಿದರೆ ಮಗನಿಗೆ ಶೀತವಾಗಿದೆ ಎನ್ನು.

ಮದುವೆಯಾದ ಮೇಲಿನ ಮೊದಲ ಹಬ್ಬ. ಅತ್ತೆಗೆ ಜ್ವರವೆಂದು ನೀನು ಉಳಿದೆ, ಅವರೊಬ್ಬರೇ ಬಂದರು. ಬಡಿಸಿದಷ್ಟೂ ಹೋಳಿಗೆ ತಿಂದರು, ನೀರು ಮಾತ್ರ ಮುಟ್ಟಲಿಲ್ಲ. ಕಾರಣ ಆಮೇಲೆ ತಿಳಿಯಿತು. ಚೊಂಬು ಹಿಡಿದು ಬಯಲ ಕಡೆ ಹೋಗಬೇಕಾದರೆ ನಮ್ಮ ಬೀದಿಯ ಜಗಲಿಗಳನ್ನೆಲ್ಲ ದಾಟಬೇಕಲ್ಲ. ಬಂದ ದಿನವೇ ಎದುರುಮನೆ ಪಾಪಮ್ಮ, "ಅಳಿಯಂದಿರು ಮತ್ತೆ ಹೊಂಟ್ರು ಕಣ್ರೇ" ಅಂದಳಂತೆ. ಇವರಿಗೆ ಮಾನ ಹೋಯಿತು. ಕುಡಿದರೆ ತಾನೇ ಹೋಗಬೇಕಾದದ್ದು ಎಂದು ಕುಡಿಯುವುದನ್ನೇ ಬಿಟ್ಟರು. ಅಮಲ್ದಾರರ ಕಚೇರಿಯಲ್ಲಿ ಬರೆಯುವ ತಲೆಗೆ ಹೊಳೆದ ಉಪಾಯ ಇದು.

ಹಬ್ಬದ ಮಾರನೆಯ ದಿನ, ಸುಡುವ ಬಿಸಿಲಿನಲ್ಲಿ, ಯಾರೂ ಕರೆಯದೆ ಗರಡಿಗೆ ಹೋಗಿ ಬಸ್ಕಿ ಹೊಡೆಯಲು ನಿಂತರು. ಲೇಖನಿಗಿಂತ ಭಾರದ್ದನ್ನು ಎತ್ತಿದ ಮನುಷ್ಯರಲ್ಲ. ಉಸ್ತಾದ್ ಗೌಸ್ ಪೀರ್, "ಸಾಕು ಬಿಡಿ ಸ್ವಾಮಿ, ನಮ್ ಹುಡುಗ್ರೂ ಮೊದಲ್ನೇ ದಿನ ಇಷ್ಟು ಹೊಡೆಯಲ್ಲ" ಅಂದರೂ ಕೇಳಲಿಲ್ಲ. ಕೂರುವುದು, ಏಳುವುದು, ಕೂರುವುದು, ಏಳುವುದು, ಕಡೆಗೆ ಗರಡಿ ಮಣ್ಣಿನ ಮೇಲೆ ಉರುಳಿದರು.

ಬೆಳಗಾಗುವಷ್ಟರಲ್ಲಿ ತೊಡೆ ಒನಕೆಯಂತೆ ಬಿಗಿದಿತ್ತು. ಹರಳೆಣ್ಣೆ ಕಾಯಿಸಿ ತಿಕ್ಕಿಸಿದರೆ ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡರು. ಸಂಜೆ ನಿನ್ನ ಸೋದರಮಾವ ಹನುಮಂತಪ್ಪ ನನ್ನ ಕಿವಿಯ ಹತ್ತಿರ ಬಂದು, "ಅವ್ವಾ, ಅವ್ರ ಮೂತ್ರ ಹುರಳಿಕಟ್ಟಿನಂಗೆ ಕಪ್ಪಗೈತೆ" ಅಂದ. ಆಗಲೇ ಗಾಡಿ ಕಟ್ಟಿಸಿದೆ. ಕಾಲು ಮಡಚಲಾಗದ ಅಳಿಯನನ್ನು ಹುಲ್ಲಿನ ಮೇಲೆ ಹಲಗೆಯಂತೆ ಮಲಗಿಸಿದೆವು, ಪಾದಗಳು ಗಾಡಿಯ ಆಚೆಗೇ ಉಳಿದವು. "ಈಗೆಲ್ಲಿಗೆ ಹೊಂಟ್ರು?" ಅಂದಳು ಪಾಪಮ್ಮ. "ನಿನ್ ಬಾಯಿಗೆ ಬೀಗ ತರೋಕೆ ಕಣೇ" ಅಂದೆ.

ಇಲ್ಲಿಯ ಡಾಕ್ಟರು ಸೂಜಿಯಿಂದ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ನಿಲ್ಲಿಸಿದರು. ಕೆಂಪು ತಳಕ್ಕಿಳಿದು ಮೇಲೆ ತಿಳಿ ನಿಂತಿತು. ರಕ್ತವೇ ಒಡೆದಿದ್ದರೆ ಆ ತಿಳಿಯೂ ಕೆಂಪಾಗಿರುತ್ತಿತ್ತಂತೆ. ಆಗಿಲ್ಲ, ಹಾಗಾಗಿ ಒಡೆದಿರುವುದು ತೊಡೆಯ ಮಾಂಸ ಅಂದರು. "ಅಜ್ಜೀ, ಬೆನ್ನೊಳಗೆ ಎರಡು ಮೂತ್ರಪಿಂಡ ಇವೆ. ರಕ್ತ ಸೋಸೋ ಬಟ್ಟೆ ಅಂತ ತಿಳ್ಕೊಳ್ಳಿ. ಒಡೆದ ಮಾಂಸದ ಗಸಿ ಅಲ್ಲಿ ಕಟ್ಟಿಕೊಂಡ್ರೆ ಮೂತ್ರ ನಿಲ್ಲುತ್ತೆ. ನಿಂತ್ರೆ ನನ್ನ ಕೈಲಿ ಏನೂ ಇಲ್ಲ. ನೀರು ಕುಡಿಸಿ" ಅಂದರು.

ಅಂದಿನಿಂದ ಮಂಚದ ಪಕ್ಕ ಕೂತಿದ್ದೇನೆ. ಡಾಕ್ಟರು ಕೊಟ್ಟ ಸೋಡಾ ಪುಡಿ ಕದಡಿದ ನೀರು ಕೊಟ್ಟರೆ, "ಸಾಕು ಅಜ್ಜಿಯವರೇ" ಅನ್ನುತ್ತಾರೆ. "ನನ್ನ ಮೊಮ್ಮಗಳು ಕುಂಕುಮ ಅಳಿಸ್ಕೊಳ್ಳೋದು ಬೇಕಾ ನಿಮ್ಗೆ? ಕುಡೀರಿ" ಎಂದು ಗದರಿಸುತ್ತೇನೆ. ಗಾಜಿನ ಪಾತ್ರೆಗೆ ಬಂದದ್ದನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಅವರು ಗೋಡೆ ಕಡೆ ತಿರುಗುವುದು. ಒಂದು ದಿನ ಪಾತ್ರೆಯ ತಳವೂ ನೆನೆಯಲಿಲ್ಲ. ಆ ದಿನ ನಾನು ಯಾರನ್ನೂ ಬಯ್ಯಲಿಲ್ಲ.

ಮರುದಿನ ಬೆಳಿಗ್ಗೆ ಬಂತು. ಸ್ವಲ್ಪವೇ, ಕಪ್ಪಗೇ, ಆದರೆ ಬಂತು. ಈಗ ಎಳನೀರಿನಷ್ಟು ತಿಳಿಯಾಗಿದೆ. ಪರೀಕ್ಷೆಗೆಂದು ಎರಡು ಸಲ ಬೆಂಗಳೂರಿಗೆ ಕಳಿಸಿದ್ದ ರಕ್ತದ ವಿಷಯ ಇವತ್ತು ತಂತಿಯಲ್ಲಿ ತಿಳಿಯಿತು. ಮೂತ್ರದಲ್ಲಿ ಹೋಗದೆ ರಕ್ತದಲ್ಲಿ ಉಳಿದಿದ್ದ ವಿಷ ಇಳಿಯುತ್ತಿದೆಯಂತೆ. ಡಾಕ್ಟರು ನಕ್ಕದ್ದು ಇವತ್ತೇ ಮೊದಲು. ಹುಣ್ಣಿಮೆ ಕಳೆದ ಮೇಲೆ ಕಳಿಸಿಕೊಡುತ್ತಾರೆ.

ಇಂತಿ,
ನಿನ್ನ ಗಂಡನ ಮೂತ್ರ ಕಂಡು ಕೈಮುಗಿದ ಅಜ್ಜಿ,
ತೀರ್ಥಮ್ಮ

ತಾ.ಕ.: ಗರಡಿಗೆ ಯಾಕೆ ಹೋದಿರಿ ಎಂದು ಇವತ್ತು ಕೇಳಿದೆ. "ಹೊರಡೋವಾಗ ನಿಮ್ಮ ಮೊಮ್ಮಗಳು, ಗಂಡಸ್ರ ತೊಡೆ ಹೆಂಗಿರುತ್ತೆ ಅಂತ ನಮ್ಮೂರ ಗರಡೀಲಿ ನೋಡ್ಕೊಂಡು ಬನ್ನಿ ಅಂದ್ಲು" ಎಂದರು. ಅವಳಿಗೆ ಇಂಥ ನಾಲಿಗೆ ಯಾರಿಂದ ಬಂತು ಅಂತಲೂ ಕೇಳಿದರು. ನಾನು ಇನ್ನೊಂದು ಚೊಂಬು ನೀರು ಕುಡಿಸಿದೆ.