ಕುಳ್ಳಿನ ಜಾಗದ ತಿರುವು

ಯಲಬುರ್ಗಾ,
೧೪-೯-೨೦೨೫, ರವಿವಾರ

ಪ್ರೀತಿಯ ತಮ್ಮ ಪಂಪಾಪತಿಗೆ,

ಗಂಗಾವತಿಯಲ್ಲಿ ನೀನು, ಮಲ್ಲೇಶ್ವರಿ ಆರಾಮ ಇದ್ದೀರಲ್ಲ? ನಿನ್ನ ಮೊಣಕಾಲು ನೋವು ಹೇಗಿದೆ? ಕಾಲುವೆ ಸೀಮೆಯ ಅನ್ನ ಉಂಡು ಮೈ ಬಂದಿದೆಯಂತೆ, ನಡುವೆ ಜೋಳದ ರೊಟ್ಟಿಯನ್ನೂ ತಿನ್ನು. ನಾನು ಛಲೋ ಇದ್ದೇನೆ. ಈ ಎಂಟು ದಿನ ಇದ್ದಷ್ಟು ಆರಾಮ ಹಿಂದೆ ಯಾವತ್ತೂ ಇದ್ದಿಲ್ಲ.

ಸುದ್ದಿ ಇದು. ನಿನ್ನ ಹೊಲಕ್ಕೆ ಬರಬೇಕಾದ, ಕರೆಂಟ್ ತೆಗೆಯುವ ಗಾಳಿ ಫ್ಯಾನಿನ ರೆಕ್ಕೆ ಹೊತ್ತ ಲಾರಿ ಎಂಟು ದಿನದಿಂದ ಇಟಗಿ ರಸ್ತೆಯ ತಿರುವಿನಲ್ಲಿ ನಿಂತಿದೆ. ರೆಕ್ಕೆ ಎಷ್ಟು ಉದ್ದ ಅಂದರೆ, ಲಾರಿ ತಿರುಗುವಾಗ ಅದರ ಹಿಂಭಾಗ ಅವ್ವ ಸಗಣಿ ತಟ್ಟಿ ಒಲೆಗೆಂದು ಒಣಗಿಸುತ್ತಿದ್ದ ಕುಳ್ಳಿನ ಜಾಗದ ಮೇಲೆ ಹಾಯಲೇಬೇಕು. ಆ ಎರಡು ಗುಂಟೆ ನನ್ನ ಹೆಸರಿಗಿದೆ, ನೆನಪಿದೆಯೇ? ನನ್ನನ್ನು ಇದೇ ಊರಿಗೆ ಕೊಟ್ಟಿದ್ದರಿಂದ ಅವ್ವ ಕೊನೆಗಾಲದಲ್ಲಿ ಅರಿಷಿಣ-ಕುಂಕುಮಕ್ಕೆಂದು ಬರೆದುಕೊಟ್ಟಳು. ಆಗ ನೀನು ನಕ್ಕಿದ್ದೆ: "ತಗೋ ಅಕ್ಕಾ, ಕುಳ್ಳು ಬಡ್ಕೋಂತ ಕುಂದ್ರು." ಕುಂತಿದ್ದೇನಪ್ಪ. ಆಳೆತ್ತರದ ಮೂರು ಬಣವಿ ಒಟ್ಟಿ, ಮೇಲೆ ಸಗಣಿ ಬಳಿದು ಭದ್ರ ಮಾಡಿದ್ದೇನೆ. ಕಂಪನಿಯ ಇಂಜಿನಿಯರ್ ರವಿಕುಮಾರ ದಿನಾ ಬಂದು ಕೈ ಮುಗಿಯುತ್ತಾನೆ. ಪಾಪದ ಮನುಷ್ಯ. ಚಹಾ ಕೊಡುತ್ತೇನೆ, ಜಾಗ ಕೊಡುವುದಿಲ್ಲ.

ಯಾಕೆ ಅಂತ ಕೇಳಬೇಡ. ಅಪ್ಪ ತೀರಿದ ಮೇಲೆ ನೀನು ಮಾಡಿಸಿದ ವಂಶಾವಳಿಯನ್ನು, ನಿನ್ನ ಕರಾರಿನ ಕಾಗದಗಳ ಜೊತೆಗಿದ್ದದ್ದನ್ನು, ರವಿಕುಮಾರನೇ ನನಗೆ ತೋರಿಸಿದ. ಮೇಲೆ ಅಪ್ಪನ ಹೆಸರು ಈಶಪ್ಪ, ಕೆಳಗೆ ಒಂದೇ ಗೆರೆ, ಅದರ ತುದಿಗೆ ನೀನು. "ಹೆಣ್ಣುಮಕ್ಕಳು ಇರುವುದಿಲ್ಲ" ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದೀಯ. ಆ ಸಹಿ ನಿನಗೆ ಪಾಟಿಯ ಮೇಲೆ ತಿದ್ದಿಸಿದವಳು ನಾನು, ನಿನ್ನನ್ನು ಎತ್ತಿಕೊಂಡು ತಿರುಗಲು ಸಾಲಿ ಬಿಟ್ಟವಳು ನಾನು. ಅಕ್ಕತಂಗಿಯರು ತಮ್ಮಂದಿರಿಗೆ ಹಕ್ಕು ಬಿಟ್ಟುಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಕೇಳಿದ್ದರೆ ನಾನೂ ಬಿಡುತ್ತಿದ್ದೆ. ಬಿಟ್ಟೆ ಎಂದು ಸಹಿ ಹಾಕಲು ನಾನು ಹುಟ್ಟಿರಬೇಕಲ್ಲ! ನೀನು ನನ್ನನ್ನು ಹುಟ್ಟಿಸಲೇ ಇಲ್ಲ.

ಹೋದ ವಾರ ನನ್ನ ಮಗಳು ಶಾಂಭವಿ ತನ್ನ ಕುಷ್ಟಗಿ ಕಾಲೇಜಿನ ಮಕ್ಕಳಿಗಾಗಿ ದೊಡ್ಡ ಹಾಳೆಯ ಮೇಲೆ ಗೆರೆಗಳ ನಕ್ಷೆ ಬರೆಯುತ್ತಿದ್ದಳು. ನೀರು, ಗಾಳಿ, ಬಿಸಿಲಿನಿಂದ ಕರೆಂಟ್ ತೆಗೆಯುವ ಸಾಮರ್ಥ್ಯ ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯಿತು ಎಂದು. ಮೊದಲು ಡ್ಯಾಮುಗಳ ನೀಲಿ ಗೆರೆಯೇ ಎಲ್ಲಕ್ಕೂ ಮೇಲೆ. ಆಮೇಲೆ ಗಾಳಿಯದು ಮೆಲ್ಲಗೆ ಏರಿತು. ಈ ಹತ್ತು ವರ್ಷದಲ್ಲಿ ಬಿಸಿಲಿನ ಹಳದಿ ಗೆರೆ ಎದ್ದು ಎರಡನ್ನೂ ಹಿಂದೆ ಹಾಕಿದೆ. ನೀನು ಗಾಳಿ ನಂಬಿ ಕುಂತಿದ್ದೀಯಲ್ಲ ಎಂದು ನನಗೆ ನಗು ಬಂತು. ನಮ್ಮ ಕುಳ್ಳು, ಕಟ್ಟಿಗೆ ಎಲ್ಲಿ ಎಂದು ಕೇಳಿದೆ. "ಒಲಿಗೆ ಹಾಕಿದ್ದು ಕರೆಂಟ್ ಅಲ್ಲವ್ವ, ಅದನ್ನ ಇದರಾಗ ಹಿಡಿಯಂಗಿಲ್ಲ" ಎಂದಳು. ಇಷ್ಟು ವರ್ಷ ಊರಿನ ಹೊಟ್ಟೆ ತುಂಬಿಸಿದ್ದಕ್ಕೆ ಒಂದು ಗೆರೆಯೂ ಇಲ್ಲ! ಸಿಟ್ಟು ನೆತ್ತಿಗೇರಿ, ಅವಳ ಪೆನ್ಸಿಲ್ ಕಿತ್ತುಕೊಂಡು ಹಾಳೆಯ ಅಡಿಗೆ ದಪ್ಪನೆಯ ಗೆರೆ ಎಳೆದುಬಿಟ್ಟೆ. ನಕ್ಷೆ ಕೆಟ್ಟಿತೆಂದು ಎರಡು ದಿನ ಮಾತು ಬಿಟ್ಟಿದ್ದಳು.

ನಿನ್ನ ಮೇಲೆ ಕನಿಕರ ಬರಲಿಲ್ಲವೆಂದಲ್ಲ. ಫೋನ್ ಮಾಡುತ್ತೀಯೆಂದು ಕಾದೆ. ಬಂದದ್ದು ವಕೀಲರ ನೋಟೀಸು. ಅದರಲ್ಲಿ ನನ್ನನ್ನು "ಸದರಿ ಮಹಿಳೆ" ಎಂದು ಕರೆದಿದ್ದೀಯ. ಒಂದು ಸಲ ಅಕ್ಕಾ ಅಂದಿದ್ದರೆ ನನ್ನ ಕೈಯಾರೆ ಬಣವಿ ಕಿತ್ತು ದಾರಿ ಬಿಡುತ್ತಿದ್ದೆ.

ಮಲ್ಲೇಶ್ವರಿಗೆ ನನ್ನ ಆಶೀರ್ವಾದ ಹೇಳು. ನಿನಗೂ ಇದೆ, ಸಿಟ್ಟಿನ ಜೊತೆಗೇ ಕಳಿಸಿದ್ದೇನೆ.

ನಿನ್ನ ಅಕ್ಕ,
ಕಳಕಮ್ಮ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ರವಿಕುಮಾರ ಬಂದ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಂಪನಿಯವರು ಕಾದು ಬೇಸತ್ತು ನಿನ್ನ ಹೊಲದ ಕರಾರು ರದ್ದು ಮಾಡಿದ್ದಾರೆ. ರೆಕ್ಕೆ ತಿರುವಿನ ಈಚೆಗಿರುವ ಶಬ್ಬೀರಸಾಬರ ಹೊಲದ ಕಂಬಕ್ಕೆ ಹೋಗುತ್ತದೆ. ನಾನು ಜಾಗ ಕೊಡಲು ಒಪ್ಪಿಲ್ಲವೆಂದು ಒಂದು ಫಾರ್ಮ್ ತುಂಬಿಸಿಕೊಂಡ. ಅದರಲ್ಲಿ "ಹೊಲದ ಮಾಲೀಕರಿಗೂ ನಿಮಗೂ ಸಂಬಂಧ" ಎಂದು ಒಂದು ಖಾನೆ ಇತ್ತು. ಪೆನ್ನು ತೆಗೆದುಕೊಂಡು "ಏನೂ ಇಲ್ಲ" ಎಂದು ಬರೆದೆ.