ಬಂಡೆಯ ಬಿಳಿ ಬೊಟ್ಟು

ಜನವರಿ 5, ಭಾನುವಾರ
ಮತ್ತೆ ಅದೇ ಪುಟ್ಟ ಬಂಡೆ. ಬಂಡೆ ಹತ್ತುವುದನ್ನು ಕಲಿಸುವ ಮನು ಕರೆತರುವ ಮಕ್ಕಳೆಲ್ಲ ಮೊದಲ ದಿನವೇ ಹತ್ತುವಂಥದ್ದು. ಹಗ್ಗ ಬೇಡ, ಬಿದ್ದರೆ ಹಿಡಿಯಲು ಕೆಳಗೊಬ್ಬರು ಕೈ ಚಾಚಿ ನಿಂತರೆ ಸಾಕು. ಮಗುವಿಗೆ ಅಪ್ಪ, ಹೆಂಡತಿಗೆ ಗಂಡ. ನಾನು ಅರ್ಧ ಹತ್ತಿ ಇಳಿದೆ.
"ಒಬ್ರೇ ಹತ್ಬೇಡಿ ಮೇಡಂ. ಫ್ರೆಂಡ್ ಯಾರನ್ನಾದ್ರೂ ಕರ್ಕೊಂಡ್ ಬನ್ನಿ," ಎಂದ ಮನು.
ತಲೆಯಾಡಿಸಿದೆ. ಬೆಂಗಳೂರಿಗೆ, ಈ ಬಿಟಿಎಂ ಪಿಜಿಗೆ ಬಂದು ವರ್ಷವಾಗುತ್ತ ಬಂತು. ರೂಮ್‌ಮೇಟ್‌ಗೆ ನೈಟ್ ಶಿಫ್ಟ್. ನಾನು ಬರುವಾಗ ಅವಳು ಹೊರಡುತ್ತಾಳೆ.
ತುದಿಯಿಂದ ಕೋಣನಕುಂಟೆಯ ಆಚೆಗೆ ನೀಲಿ ಗುಡ್ಡ ಕಾಣುತ್ತದಂತೆ. ಮಕ್ಕಳು ಹೇಳಿದ್ದು.

ಜನವರಿ 12
ಬಂಡೆಯ ತುಂಬ, ಕೈ ಜಾರದಿರಲೆಂದು ಹತ್ತುವವರು ಹಚ್ಚಿಕೊಳ್ಳುವ ಚಾಕ್ ಪುಡಿಯ ಬಿಳಿ ಕಲೆ. ಕಂಡೂ ಸುಮ್ಮನಿರುವವರೆಲ್ಲ ಅಪರಾಧದಲ್ಲಿ ಪಾಲುದಾರರು! ಕರಪತ್ರ ಬರೆದು ಹಂಚಿದೆ — 'ಬಂದ ಗುರುತೂ ಉಳಿಯದಂತೆ ಹೋಗೋಣ. ಮುಂದಿನ ಭಾನುವಾರ ಬ್ರಷ್ ಹಿಡಿದು ಬನ್ನಿ. — ಬಂಡೆ ಉಳಿಸಿ ಬಳಗ.' ಬಳಗ ಎಂದರೆ ಸದ್ಯಕ್ಕೆ ನಾನು.
ಒಬ್ಬ ಅಂಕಲ್ ಅದರಲ್ಲೇ ಮಗನಿಗೆ ಚುರುಮುರಿ ಪೊಟ್ಟಣ ಕಟ್ಟಿಕೊಟ್ಟರು. "ಥ್ಯಾಂಕ್ಸಮ್ಮ, ಪೇಪರ್ ಮರ್ತ್ ಬಂದಿದ್ವಿ."

ಜನವರಿ 19, ಬೆಳಿಗ್ಗೆ
ಯಾರೂ ಬರಲಿಲ್ಲ. ಇರಲಿ. ಚಳವಳಿ ಒಬ್ಬರಿಂದಲೂ ಶುರುವಾಗುತ್ತದೆ. ತೆಂಗಿನ ನಾರು, ನೀರು — ತಿಕ್ಕಿ ತಿಕ್ಕಿ ಬೆರಳ ಗೆಣ್ಣು ಸುಲಿಯಿತು.
ಪುಟ್ಟ ಬಂಡೆಯ ಬುಡದಲ್ಲಿ ಸಾಲಾಗಿ ಬಿಳಿ ಬೊಟ್ಟು. ಕಾಲಿಡುವ ಜಾಗಕ್ಕೆ ಹತ್ತುವವರು ಹಾಕಿಕೊಂಡ ಗುರುತು! ತಿಕ್ಕಿದರೂ ಹೋಗಲಿಲ್ಲ. ಕಲ್ಲಿನ ಚೂರಿನಿಂದ ಕೆರೆದೆ. ಹೋದವು. ಈ ಊರಿನಲ್ಲಿ ಮೊದಲ ಸಲ ಏನೋ ಮಾಡಿದೆ ಅನ್ನಿಸಿತು.

ಫೆಬ್ರವರಿ 2
ಹೋದ ವಾರ ಜ್ವರ. ಯಾರೂ ಕೇಳಲಿಲ್ಲ... ಯಾರಿಗೂ ಗೊತ್ತಿರಲಿಲ್ಲ.
ಇವತ್ತು ಬಂಡೆಯ ಬಳಿ ಒಬ್ಬ ಅಜ್ಜಿ ಮನುವನ್ನು ಬೈಯುತ್ತಿದ್ದರು. ಅಕ್ಕಯಮ್ಮ, ಪಕ್ಕದ ಹಳೇ ಊರಿನವರು.
"ನಿನ್ ಹುಡುಗ್ರೇ ಕಣೋ! ಸಪ್ಪಲಮ್ಮನ ಬೊಟ್ಟು ಕೆರ್ದಾಕವ್ರೆ. ನಮ್ಮತ್ತೆ ಕಾಲ್ದಿಂದ ಇಟ್ಕೊಂಡ್ ಬಂದಿದ್ದು. ಇನ್ಮೇಲೆ ಒಂದ್ ಮಗೂನೂ ಇಲ್ಲಿ ಹತ್ತಂಗಿಲ್ಲ!"
ಮಕ್ಕಳು ಹೆದರಿ ಶೂ ಬಿಚ್ಚುತ್ತಿದ್ದವು.
ಸುಣ್ಣ. ಅದು ದೇವಿಗೆ ಇಟ್ಟ ಸುಣ್ಣದ ಬೊಟ್ಟು.
"ನಾನ ಕೆರದಿದ್ದು ರೀ ಅಜ್ಜಿ. ಚಾಕ್ ಅಂತ ತಿಳಕೊಂಡಿದ್ದೆ."
ಎಲ್ಲರೂ ತಿರುಗಿದರು. ಇಷ್ಟು ಜನ ಒಟ್ಟಿಗೆ ನನ್ನನ್ನು ಎಂದೂ ನೋಡಿರಲಿಲ್ಲ.
"ಯಾವೂರವಳೇ ನೀನು?"
"ಗದಗ ರೀ."
"ನಿಮ್ಮೂರಲ್ಲಿ ದೇವ್ರಿಗೆ ಕೆರ್ದು ಕೆರ್ದು ಸ್ನಾನ ಮಾಡಿಸ್ತಾರಾ?"
ಮನು ನಕ್ಕುಬಿಟ್ಟ.
"ಬರೋ ವಾರ ಸುಣ್ಣ ತತ್ತೀನಿ. ಕೆರ್ದೋಳೇ ಇಡ್ಬೇಕು," ಎಂದರು ಅಜ್ಜಿ.
ದೇವರನ್ನು ನಂಬದವಳು ನಾನು. ಹೇಳಲು ಬಾಯಿ ತೆರೆದೆ. "ಹೂಂ ರೀ," ಎಂದೆ.

ಫೆಬ್ರವರಿ 9
ಅಜ್ಜಿ ಕೈಯಾರೆ ಕಲಸಿಕೊಟ್ಟ ಸುಣ್ಣದಲ್ಲಿ ಬೊಟ್ಟು ಇಟ್ಟೆ. "ಸೊಟ್ಟ ಆಯ್ತು. ಆಗ್ಲಿ ಬಿಡು, ಯಾರಿಟ್ಟಿದ್ದು ಅಂತ ಸಪ್ಪಲಮ್ಮಂಗೆ ಗೊತ್ತಾಯ್ತದೆ."
ಮಕ್ಕಳು ಇನ್ನು ಹಿಂಬದಿಯಿಂದ, ಬರಿಗಾಲಲ್ಲಿ ಹತ್ತಬಹುದಂತೆ. ಮನುವಿನ ಬ್ಯಾಚು ಬಂದಿರಲಿಲ್ಲ. ಹಿಂಬದಿಗೆ ಹೋಗಿ ಅರ್ಧ ಹತ್ತಿದೆ. ಎಂದಿನಂತೆ ನಿಂತೆ.
"ಯಾಕೆ ನಿಂತ್ಕೊಂಡೆ?"
"ಕೆಳಗ ಯಾರೂ ಇಲ್ರಿ."
"ನಾನೇನ್ ಸತ್ತೋಗಿದ್ದೀನಾ?"
ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎರಡೂ ಕೈ ಎತ್ತಿ ನಿಂತರು. ನಾನು ಬಿದ್ದರೆ ಇಬ್ಬರೂ ಉಳಿಯುವುದಿಲ್ಲ. ಹತ್ತಿದೆ.
ಮೇಲೆ ಗಾಳಿ. ನೀಲಿ ಗುಡ್ಡ — ನಿಜವಾಗಿಯೂ ಇತ್ತು.
"ಏನ್ ಕಾಣ್ತದೆ ಹೇಳೇ!" ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹತ್ತಿದ್ದರಂತೆ. ಆಗೆಲ್ಲ ರಾಗಿ ಹೊಲ.
ಹೇಳತೊಡಗಿದೆ. ಗುಡ್ಡ, ಅದರ ಈಚೆಗೆ ಅಪಾರ್ಟ್‌ಮೆಂಟುಗಳು, ಇನ್ನೂ ಈಚೆಗೆ ನೀಲಗಿರಿ ಮರಗಳು, ಆಮೇಲೆ ನೇರ ಕೆಳಗೆ, ಇನ್ನೂ ಇಳಿಸದ ಎರಡು ಸುಣ್ಣದ ಕೈ —